ಜೂಲು ಹೊದ್ದ ಎತ್ತು

ಓಬಣ್ಣ ಆ ಆಟ ಬಿಡುವುದಕ್ಕೆ ಕಾರಣ ಒಂದೇ. ಅವನ ಎತ್ತಿಗೆ ರೆಕ್ಕೆ ಬಂದಿತ್ತು.

ನಗುವವರು ಸ್ವಲ್ಪ ತಡೆಯಿರಿ. ಓಬಣ್ಣ ಅಂದರೆ ಆಂಧ್ರದ ಗಡಿಯ ಕಲ್ಯಾಣದುರ್ಗದಲ್ಲಿ ದನದ ಹಳೇ ದಲ್ಲಾಳಿ. ಅರವತ್ತೊಂದು ವರ್ಷ. ಹಲ್ಲು ನೋಡಿ ವಯಸ್ಸು, ನಡಿಗೆ ನೋಡಿ ಬುದ್ಧಿ, ಮೈಮೇಲಿನ ಕೂದಲ ಸುಳಿ ನೋಡಿ ಆ ಎತ್ತು ಕೊಂಡವನ ಮನೆ ಏಳುತ್ತೋ ಬೀಳುತ್ತೋ ಹೇಳುವ ಮನುಷ್ಯ. ಕೊರೊನಾ ಕಾಲದಲ್ಲಿ ಸಂತೆಗಳೆಲ್ಲ ಮುಚ್ಚಿ, ಎತ್ತಿನ ಮುಖ ಕಾಣದೆ, ಹುಚ್ಚು ಹಿಡಿದವನ ಹಾಗೆ ಪಡಸಾಲೆಯಲ್ಲಿ ತಿರುಗುತ್ತಿದ್ದ. ಆಗ ಹಿಂದೂಪುರದ ನೆಂಟ ಆನಂದಕುಮಾರ್ ಅವನ ಫೋನಿಗೆ 'ಸೆವೆನ್ ಗೇಟ್ಸ್' ಅನ್ನುವ ಆಟ ಹಾಕಿಕೊಟ್ಟ. ಒಬ್ಬರೇ ಕೂತು ಆಡಿ ಮುಗಿಸುವ ಆಟವಲ್ಲ ಅದು. ಎಲ್ಲೆಲ್ಲಿಯ ಸಾವಿರಾರು ಜನ ಒಂದೇ ಹೊತ್ತಿಗೆ ಒಳಗೆ ಬಂದು, ತಲೆಗೊಂದು ವೇಷ ಹಾಕಿಕೊಂಡು, ಗುಂಪು ಕಟ್ಟಿ ರಾಕ್ಷಸರ ಜತೆ ಬಡಿದಾಡುತ್ತ ವರ್ಷಗಟ್ಟಲೆ ಬೆಳೆಯುತ್ತ ಹೋಗುವ ಲೋಕ. ಓಬಣ್ಣನಿಗೆ ರಾಕ್ಷಸರ ಚಿಂತೆ ಇರಲಿಲ್ಲ. ಅಲ್ಲಿ ಸವಾರಿಗೆ ಎತ್ತು ಸಿಗುತ್ತಿತ್ತು. ಆರು ವರ್ಷ ಒಂದೇ ಎತ್ತಿಗೆ ಮೇವು ಹಾಕಿ, ಮೈ ಉಜ್ಜಿ, ಬೆಳೆಸಿದ. ಕಂಪನಿಯವರು ಏನು ತಿಳಿದರೋ, ಹಬ್ಬದ ಉಡುಗೊರೆ ಅಂತ ಒಂದು ಬೆಳಿಗ್ಗೆ ಎಲ್ಲರ ಪ್ರಾಣಿಗಳಿಗೂ ರೆಕ್ಕೆ ಹಚ್ಚಿಬಿಟ್ಟರು.

"ರೆಕ್ಕೆ ಇರೋ ಎತ್ತಿಗೆ ನೊಗ ಎಲ್ಲಿಗಿಡ್ಲಿ?" ಎಂದು ಓಬಣ್ಣ ತನ್ನ ಜತೆ ಆಡುವ ಗುಂಪಿಗೆ ವಾಯ್ಸ್ ಮೆಸೇಜ್ ಹಾಕಿದ. "ಇದು ಎತ್ತಲ್ಲ ಕಣ್ರಲಾ, ಕೊಕ್ಕರೆ. ಇವತ್ತಿಂದ ಈ ಆಟದ ನೀರು ಮುಟ್ಟಾಕಿಲ್ಲ ನಾನು. ಪದಂಡಿ, ನಡೀರಿ, ಎಲ್ರೂ ಎದ್ದೇಳ್ರಿ."

ಊಟದ ಸಾಲಿನಲ್ಲಿ ಹಿರಿಯ ಎದ್ದ ಮೇಲೆ ಉಳಿದವರ ಎಲೆಯಲ್ಲಿ ಒಬ್ಬಟ್ಟೇ ಇರಲಿ, ಏಳಬೇಕು. ಗುಂಪಿನಲ್ಲಿದ್ದ ಇನ್ನು ಮೂವರೂ ಎದ್ದರು. ಅದರಲ್ಲಿ ಇಬ್ಬರು ಗೊಣಗಿಕೊಂಡು ಎದ್ದರು. ಒಬ್ಬಳು ಮಾತ್ರ ಒಳಗೊಳಗೇ ಕುಣಿದಾಡಿದಳು. ಅವಳೇ ಉಮಾದೇವಿ.

ಉಮಾದೇವಿ ಓಬಣ್ಣನ ಅಕ್ಕನ ಮಗಳು. ಹಿಂದೂಪುರದಲ್ಲಿ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಈ ಆಟದಲ್ಲಿ ಆರು ವರ್ಷ ಅವಳದ್ದು ಒಂದೇ ಕೆಲಸ, ವೈದ್ಯಳ ಕೆಲಸ. ಆಡುವವರು ಅದಕ್ಕೆ ಹೀಲರ್ ಅನ್ನುತ್ತಾರೆ. ಮುಂದೆ ನಿಂತವರು ಕತ್ತಿ ಬೀಸುತ್ತಾರೆ, ಬಾಣ ಬಿಡುತ್ತಾರೆ, ಏಟು ತಿನ್ನುತ್ತಾರೆ. ಹಿಂದೆ ನಿಂತ ಹೀಲರ್ ಅವರ ಗಾಯ ಮಾಯಿಸುತ್ತ ಇರಬೇಕು. ಪರದೆಯ ಮೂಲೆಯಲ್ಲಿ ಓಬಣ್ಣನ ಪ್ರಾಣ ಒಂದು ಹಸಿರು ಗೆರೆ, ಆನಂದನ ಪ್ರಾಣ ಒಂದು ಹಸಿರು ಗೆರೆ, ಬನಶಂಕರಿಯ ಪ್ರಾಣ ಇನ್ನೊಂದು. ಯಾವ ಗೆರೆ ಕುಗ್ಗುತ್ತೋ ಅದಕ್ಕೆ ಮದ್ದು ಒತ್ತು. ಒತ್ತಿದ್ದು ಯಾರ ಗಮನಕ್ಕೂ ಬರಲ್ಲ. ಒತ್ತದಿದ್ದರೆ ಮೂರು ಬಾಯಿ ಒಟ್ಟಿಗೇ ಬೈಯುತ್ತವೆ.

ಆ ಕೆಲಸ ಅವಳಿಗೆ ಬಂದದ್ದೂ ಹಾಗೆಯೇ. ಮದುವೆ ಮನೆಯಲ್ಲಿ ಯಾರೋ "ಒಂದು ನಿಮಿಷ ಹಿಡ್ಕಳಮ್ಮ" ಅಂತ ಸಾರಿನ ಬಕೆಟ್ ಕೈಗೆ ಕೊಟ್ಟು ಹೋಗುತ್ತಾರಲ್ಲ, ಆಮೇಲೆ ಮೂರು ಪಂಕ್ತಿ ಬಡಿಸಿ ಕೊನೆಗೆ ತಳದ ಸಾರಲ್ಲಿ ಊಟ ಮಾಡುತ್ತೇವಲ್ಲ, ಹಾಗೆ. ಮೊದಲ ದಿನ ಎಲ್ಲರೂ ಬನಶಂಕರಿಯ ಕಡೆ ನೋಡಿದ್ದರು. ಅವಳು ಓಬಣ್ಣನ ಮಗಳು, ಬೆಳುಗುಪ್ಪದ ಕಡೆ ನರ್ಸ್. "ಬೆಳಗ್ಗಿಂದ ಸಾಯಂಕಾಲದ್ ತನ್ಕ ಅದೇ ಮಾಡಿ ಬತ್ತೀನಿ. ಇಲ್ಲೂ ನಾನೇನಾ? ನಂಗೆ ಬಿಲ್ಲು ಕೊಡ್ರಿ, ಯಾರ್ನಾದ್ರೂ ಸಾಯಿಸ್ಬೇಕು" ಅಂದುಬಿಟ್ಟಳು. ಬಕೆಟ್ ಉಮಾದೇವಿಯ ಕೈಗೆ ಬಂತು.

ಈಗ ಹೊಸ ಆಟ ಹುಡುಕುವ ಕಾಲ. ಉಮಾದೇವಿ ಗಟ್ಟಿ ಮನಸ್ಸು ಮಾಡಿದಳು. ಈ ಸಲ ಕೈಗೆ ಕೊಡಲಿ ಬೇಕು, ಸಾಲಿನಲ್ಲಿ ಮುಂದೆ ನಿಲ್ಲಬೇಕು. ಹಾಗಂತ ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಹೇಳಿದರೆ ಆನಂದ ಹೊಟ್ಟೆ ಹಿಡಿದು ನಗುತ್ತಾನೆ. ಮಾವ ನಗುವುದಿಲ್ಲ, "ಅಂಗಾರೆ ನನ್ನ ಸಾಯಾಕೆ ಬಿಡ್ತೀಯೇನಮ್ಮಿ?" ಅಂತ ಮುಖ ಸಣ್ಣದು ಮಾಡುತ್ತಾನೆ. ಆ ಮುಖ ನೋಡಿದರೆ ಅವಳು ಕರಗಿ ಮತ್ತೆ ಬಕೆಟ್ ಹಿಡಿಯುವುದು ಖಂಡಿತ. ಅದಕ್ಕೆ ಒಂದು ದಾರಿ ಕಂಡುಕೊಂಡಳು. ಹೀಲರ್ ಅನ್ನುವ ವೇಷವೇ ಇಲ್ಲದ ಆಟ ಹುಡುಕಿ, ಅದಕ್ಕೇ ಎಲ್ಲರನ್ನೂ ಒಪ್ಪಿಸಿಬಿಡುವುದು.

ಒಪ್ಪಿಸುವುದು ಅಂದರೆ ಓಬಣ್ಣನನ್ನು ಒಪ್ಪಿಸುವುದು. ಅವನ ಕಾನೂನು ಸರಳ. ಎತ್ತು ಕೊಳ್ಳುವ ಮುಂಚೆ ಮೂರು ದಿನ ಹೂಡಿ ನೋಡುವ ಹಾಗೆ ಆಟವನ್ನೂ ಮೂರು ದಿನ ಹೂಡಿ ನೋಡಬೇಕು. ಉಳಿದವರು ಏನು ಬೇಕಾದರೂ ನೋಡಿಕೊಳ್ಳಲಿ, ಅವನು ಪ್ರಾಣಿ ನೋಡುತ್ತಾನೆ.

ಮೊದಲು ಆನಂದಕುಮಾರ್ 'ಮೂನ್ ಥ್ರೋನ್' ತಂದ. ಆನಂದ ಅಂದರೆ ಉಮಾದೇವಿಯ ಮೈದುನ, ಮಿಕ್ಸಿ, ಫ್ಯಾನು ರಿಪೇರಿ ಮಾಡುವವನು, ಎಲ್ಲದರಲ್ಲೂ ಅವಸರ. ಆಟದ ಕುದುರೆಯನ್ನು ಓಬಣ್ಣ ಫೋನಿನಲ್ಲಿ ದೊಡ್ಡದು ಮಾಡಿ ಹತ್ತು ನಿಮಿಷ ನೋಡಿದ.

"ಬ್ಯಾಡ. ಕಣ್ಣ ಕೆಳಗೆ ಸುಳಿ ಐತೆ. ಯಜಮಾನನ್ನ ಅಳಿಸೋ ಕುದುರೆ ಇದು."

"ಅಯ್ಯೋ ಮಾವ, ಅದು ಯಾರೋ ಕಂಪ್ಯೂಟರ್ನಾಗೆ ಬರ್ದಿರೋ ಚಿತ್ರ! ಕೋಟ್ಯಂತರ ಜನ ಆಡ್ತಾವ್ರೆ ಇದನ್ನ!"

"ಕೋಟ್ಯಂತರ ಜನ ಅಳ್ತಾವ್ರೆ ಅನ್ನು."

ಆಮೇಲೆ ಬನಶಂಕರಿ ಒಂದು ತಂದಳು. ಅದರಲ್ಲಿ ಸವಾರಿಗೆ ಇದ್ದದ್ದು ತೋಳಗಳು ಮಾತ್ರ. "ತೋಳದ ಮ್ಯಾಲೆ ಕುಂತ್ಕಂಡು ದನದ ಸಂತೆಗೆ ಹೋಗ್ಲೇನೇ? ಒಂದಾದ್ರೂ ಕರ ಉಳಿತೈತಾ?" ಎಂದ ಓಬಣ್ಣ. ಅದೂ ಹೋಯಿತು. ಹೀಗೆ ಒಂದೂವರೆ ತಿಂಗಳಲ್ಲಿ ಏಳು ಆಟ ಬಂದವು, ಏಳೂ ಹೋದವು. ಅದರಲ್ಲಿ ಎರಡಕ್ಕೆ ಉಮಾದೇವಿಯೇ ಕಲ್ಲು ಹಾಕಿದ್ದಳು. ಹೀಲರ್ ಇರುವ ಆಟ ಕಂಡ ಕೂಡಲೇ ಮಾವನಿಗೆ ಫೋನ್ ಮಾಡಿ, "ಮಾವ, ಇದ್ರಾಗಿನ ಎತ್ತು ಎಡಗಾಲು ಎಳೀತೈತೆ ಅನ್ಸುತ್ತೆ, ನೀನೇ ಸ್ವಲ್ಪ ನಡಿಸಿ ನೋಡು" ಅನ್ನುವಳು. ಒಮ್ಮೆ ಅನುಮಾನ ಹುಟ್ಟಿದರೆ ಓಬಣ್ಣನ ಕಣ್ಣಿಗೆ ನಾಲ್ಕು ಕಾಲೂ ಎಳೆಯುತ್ತಿದ್ದವು.

ಎಂಟನೆಯದು 'ಸಿಲ್ವರ್ ಹಾರ್ನ್'. ಅದರ ಎತ್ತು ಕಂಡು ಓಬಣ್ಣ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದನಂತೆ. ಒಳ್ಳೇ ಹಳ್ಳಿಕಾರ್ ತಳಿಯ ಹಾಗೆ ಹಿಂದಕ್ಕೆ ಬಾಗಿದ ಕೊಂಬು, ನೀಳ ಮುಖ, ಚಿಕ್ಕ ಗೊರಸು, ಸುಳಿಯೆಲ್ಲ ಇರಬೇಕಾದ ಕಡೆ. ಉಮಾದೇವಿ ಕಾಲಿನ ಮಾತು ಎತ್ತಿದಳು. "ಇಲ್ಲ ಕಣಮ್ಮಿ, ನಿಂಗೆ ಕಣ್ಣು ತೋರಿಸ್ಕಬೇಕು" ಅಂದುಬಿಟ್ಟ. ಆ ಆಟದಲ್ಲಿ ಹೀಲರ್ ಒಬ್ಬಳಲ್ಲ, ನಾಲ್ಕು ತರಹ. ಆನಂದ ಮಾರನೆಯ ದಿನವೇ ಅಂಗಡಿಗೆ ಓಡಿಬಂದ.

"ಅತ್ತಿಗೆ, ನಿಂಗೆ ಬಟ್ಟೆನೂ ನೋಡಿಟ್ಟಿವ್ನಿ. ಹೀಲರ್‌ದು. ಬೆಳ್ಳನೆ ಬಿಳಿ ಸೀರೆ ಇದ್ದಂಗೈತೆ, ಎಷ್ಟು ಚೆನ್ನಾಗೈತೆ ಗೊತ್ತಾ?"

"ನಿಮ್ಮಣ್ಣ ಇನ್ನೂ ಬದುಕವ್ರೆ ಕಣಪ್ಪ" ಎಂದಳು ಉಮಾದೇವಿ, ಹಲ್ಲಲ್ಲಿ ದಾರ ಕಡಿಯುತ್ತ.

ಓಬಣ್ಣ ಭಾನುವಾರಕ್ಕೆ ಎಲ್ಲರನ್ನೂ ಕಲ್ಯಾಣದುರ್ಗಕ್ಕೆ ಕರೆದ. ಆಟ ಒಪ್ಪಿಕೊಳ್ಳುವುದು ಫೋನಿನಲ್ಲಿ ಆಗುವ ಮಾತಲ್ಲ, ಎದುರಾಬದುರು ಕೂತು ಒಬ್ಬರ ಕೈ ಮೇಲೆ ಒಬ್ಬರು ಕೈ ಹಾಕಬೇಕು ಅಂತ. ಉಮಾದೇವಿಗೆ ಉಳಿದದ್ದು ನಾಲ್ಕು ದಿನ. ಆ ನಾಲ್ಕು ದಿನದಲ್ಲೇ ಅವಳಿಗೆ 'ಐರನ್ ವ್ಯಾಲಿ' ಸಿಕ್ಕಿತು. ಹೀಲರ್ ಇಲ್ಲವೇ ಇಲ್ಲ. ಗಾಯವಾದವರು ತಮ್ಮ ಚೀಲದಿಂದ ಬಟ್ಟೆ ಪಟ್ಟಿ ತೆಗೆದು ತಾವೇ ಕಟ್ಟಿಕೊಳ್ಳಬೇಕು. ಅಗಲ ಭುಜದ ಒಬ್ಬ ಹೆಂಗಸಿನ ವೇಷ ಇತ್ತು, ಕೈಯಲ್ಲಿ ತನ್ನಷ್ಟೇ ಎತ್ತರದ ಕೊಡಲಿ. ಅವಳನ್ನು ಹತ್ತು ನಿಮಿಷ ನಡೆಸಿದಳು, ಒಂದು ಒಣ ಮರ ಕಡಿದಳು, ಎರಡು ಕಾಡುಹಂದಿ ಕೆಡವಿದಳು. ಅಂಗಡಿಯ ಹೊರಗೆ ನಿಂತ ಗಿರಾಕಿ ಮೂರು ಸಲ ಕರೆದರೂ ಕೇಳಿಸಲಿಲ್ಲ.

ಸವಾರಿಗೆ ಎತ್ತೇ ಇತ್ತು. ಕಪ್ಪು ಎತ್ತು, ಹೆಗಲ ಮೇಲೆ ಡುಬ್ಬದ ಹಾಗೆ ಎದ್ದ ದೊಡ್ಡ ಇಣಿ. ಆದರೆ ಇಣಿಯ ಹಿಂದೆ, ಬೆನ್ನಿನ ಎಡಕ್ಕೆ, ಚಿತ್ರ ಬರೆದವನು ಅಂದಕ್ಕೆ ಅಂತ ಒಂದು ಸುಳಿ ತಿರುವಿಟ್ಟಿದ್ದ. ಆ ಜಾಗದ ಸುಳಿ ಉಮಾದೇವಿಗೂ ಗೊತ್ತು. ಯಜಮಾನನನ್ನು ನಡುದಾರಿಯಲ್ಲಿ ಬಿಟ್ಟು ಬರುವ ಎತ್ತು ಅಂತ ಮಾವ ಚಿಕ್ಕಂದಿನಿಂದ ಹೇಳಿದ್ದು ಕೇಳಿದ್ದಾಳೆ.

ಆ ಆಟದಲ್ಲೇ ಒಂದು ಅಂಗಡಿ ಇತ್ತು, ಅಲ್ಲಿ ಎತ್ತಿಗೆ ಜೂಲು ಸಿಗುತ್ತಿತ್ತು. ಜೂಲು ಅಂದರೆ ಎತ್ತಿನ ಬೆನ್ನ ಮೇಲೆ ಹೊದಿಸುವ ಸಿಂಗಾರದ ಬಟ್ಟೆ. ಅವಳು ಅಸಲಿ ದುಡ್ಡು ಕೊಟ್ಟು ಕೆಂಪು ಜೂಲು ಕೊಂಡು ಹೊದಿಸಿದಳು. ಸುಳಿ ಮುಚ್ಚಿಹೋಯಿತು. ಊರಿಗೆಲ್ಲ ಬ್ಲೌಸಿನ ಮಡಿಕೆಯಲ್ಲಿ ಅಳತೆ ತಪ್ಪು ಮುಚ್ಚಿಕೊಡುವ ಹೆಂಗಸು, ಇದೇನು ದೊಡ್ಡದು ಅಂದುಕೊಂಡಳು.

ಭಾನುವಾರ ಪಾವಗಡದಲ್ಲಿ ಬಸ್ಸು ಬದಲಾಯಿಸಿ, ಆನಂದನ ಜತೆ ಕಲ್ಯಾಣದುರ್ಗ ಮುಟ್ಟಿದಾಗ ಹನ್ನೊಂದು ಗಂಟೆ. ಬನಶಂಕರಿ ಆಗಲೇ ಬಂದು ಕಾಲು ಚಾಚಿ ಕೂತಿದ್ದಳು. ಓಬಣ್ಣನ ಹೆಂಡತಿ ಶಿವಲಕ್ಷ್ಮಮ್ಮ ಒಳಗೆ ಮುದ್ದೆ ತಿರುವುತ್ತಿದ್ದರು. ಓಬಣ್ಣ ಹೆಗಲ ಮೇಲೆ ಟವಲು ಹಾಕಿ, ಸಂತೆಗೆ ಹೊರಟವನ ಹಾಗೆ ಚಾಪೆಯ ಮೇಲೆ ಕೂತಿದ್ದ.

"ಸಿಲ್ವರ್ ಹಾರ್ನ್ ಅಂತ ನಂಗೆ ಮನಸ್ಸಾಗೈತೆ. ಇನ್ನೇನಾರ ತಂದಿದ್ರೆ ತೋರ್ಸಿ, ಆಮ್ಯಾಕೆ ಕೊರಗಬಾರ್ದು."

"ನಂದೊಂದೈತೆ ಮಾವ" ಎಂದು ಉಮಾದೇವಿ ತನ್ನ ಫೋನು ಕೊಟ್ಟಳು.

"ನನ್ನ ಫೋನಿಗೆ ಹಾಕು, ನೋಡಾನ."

"ನಿನ್ನ ಫೋನ್ನಾಗೆ ಜಾಗ ಇಲ್ಲ ಮಾವ. ಬರೀ ಎತ್ತಿನ ಫೋಟೋ."

ಅದು ನಿಜ. ಓಬಣ್ಣ ತೆಪ್ಪಗೆ ಫೋನು ತೆಗೆದುಕೊಂಡ. ಮುಖ ನೋಡಿದ, ಚೆನ್ನಾಗಿದೆ ಅಂದ. ಕೊಂಬು ನೋಡಿದ. ನಡೆಸಿದ. ಹಿಂದಿನಿಂದ ನೋಡಿದ. ತಲೆ ತೂಗುತ್ತಲೇ ಇದ್ದ. ಆನಂದನೂ ಇಣುಕಿ, "ಚಾಲಾ ಬಾಗುಂದಿ, ಬಲೇ ಚೆನ್ನಾಗೈತೆ" ಅಂದ. ಉಮಾದೇವಿಯ ಎದೆ ಹಗುರಾಯಿತು.

"ಅಲ್ಲಮ್ಮಿ, ಮೊನ್ನೆ ಶುರು ಮಾಡಿದ್ ಆಟ. ಆಗ್ಲೇ ಜೂಲು ಯಾಕೆ?"

"ಚೆಂದಕ್ಕೆ ಮಾವ."

"ಎಷ್ಟು ಸಾವಿರ ಎತ್ತು ಮಾರಿವ್ನಿ ನಾನು?"

"ಗೊತ್ತಿಲ್ಲ ಮಾವ."

"ನಂಗೂ ಗೊತ್ತಿಲ್ಲ. ಅದ್ರಾಗೆ ಜೂಲು ಹೊದಿಸಿ ನಿಲ್ಸಿದ್ದು ಎಷ್ಟು, ಯಾಕೆ ಹೊದಿಸಿದ್ದೆ, ಅದು ಮಾತ್ರ ಒಂದೊಂದೂ ಗೊತ್ತು." ಅವನು ಪರದೆಯ ಮೇಲೆ ಬೆರಳಾಡಿಸುತ್ತ, "ಈ ಆಟದಾಗೆ ಕೆರೆ ಎಲ್ಲೈತೆ?" ಎಂದ.

ಕೆರೆ ಹತ್ತಿರದಲ್ಲೇ ಇತ್ತು. ಓಬಣ್ಣ ಎತ್ತನ್ನು ನೀರಿಗಿಳಿಸಿದ. ಎತ್ತು ಮೀಯುವಾಗ ಆಟ ತಾನಾಗಿಯೇ ಜೂಲು ತೆಗೆದು ದಡದಲ್ಲಿಡುತ್ತದೆ ಅನ್ನುವುದು ಪಾಪ ಉಮಾದೇವಿಗೆ ಗೊತ್ತಿರಲಿಲ್ಲ. ಎತ್ತು ಮಿಂದು, ಮೈ ಕೊಡವಿ, ಎಡಕ್ಕೆ ತಿರುಗಿ ನಿಂತಿತು. ಸುಳಿ ಒದ್ದೆಯಾಗಿ ಇನ್ನೂ ಎದ್ದು ಕಾಣುತ್ತಿತ್ತು.

ಒಳಗಿಂದ ಮುದ್ದೆ ಕೋಲಿನ ಸದ್ದು ನಿಂತಿತು.

"ನನ್ನ ಅಕ್ಕನ ಮಗಳು" ಎಂದ ಓಬಣ್ಣ. "ನಂಗೇ ಜೂಲು ಹೊದಿಸಿ ಮಾರಾಕೆ ಬಂದ್ಬುಟ್ಲು ಕಣ್ಲಾ ಆನಂದ." ಬೈದನೋ ಹೊಗಳಿದನೋ ಯಾರಿಗೂ ತಿಳಿಯಲಿಲ್ಲ. "ಹೇಳು. ಸುಳಿ ಮುಚ್ಚಿದ್ದು ಎತ್ತು ಮಾರಾಕೆ. ಎತ್ತು ಮಾರೋದು ಯಾತಕ್ಕೆ?"

ಉಮಾದೇವಿ ಆರು ವರ್ಷದ್ದು ಒಂದೇ ಉಸಿರಿಗೆ ಹೇಳಿದಳು. "ನಂಗೆ ಮದ್ದು ಒತ್ತಿ ಒತ್ತಿ ಸಾಕಾಗೈತೆ ಮಾವ. ಹಳೇ ಆಟದ ಏಳನೇ ಬಾಗಿಲಾಗೆ ಒಂದು ರಾಕ್ಷಸಿ ಇದ್ಲಲ್ಲ, ಅವಳ್ನ ಹೊಡ್ದ ದಿನ ನೀವು ಮೂರು ಜನ ಹೋಟ್ಲಿಗೆ ಹೋಗಿ ದೋಸೆ ತಿಂದ್ರಿ. ಅವಳ ಮುಖ ಹೆಂಗಿತ್ತು ಅಂತ ನಂಗಿವತ್ಗೂ ಗೊತ್ತಿಲ್ಲ. ನಿಮ್ಮ ಮೂರು ಹಸಿರು ಗೆರೆ ಬಿಟ್ಟು ನಾನೇನೂ ನೋಡಿಲ್ಲ ಆ ಆಟದಾಗೆ. ಈ ಆಟದಾಗೆ ಹೀಲರ್ ಇಲ್ಲ. ಅದಕ್ಕೇ ತಂದೆ. ನಂಗೆ ಕೊಡಲಿ ಬೇಕು."

ಆನಂದನಿಗೆ ನಗು ಬಂತು. ಉಮಾದೇವಿ ಅವನತ್ತ ನೋಡಿದಳು. ನಗು ಹೋಯಿತು.

"ಅದಲ್ಲ ಅತ್ತಿಗೆ" ಅಂದ, "ಹೀಲರ್ ಇಲ್ದಿದ್ರೆ ನಾವು ಸತ್ತೋಯ್ತೀವಲ್ಲ? ಸಿಲ್ವರ್ ಹಾರ್ನ್ ಅಂದ್ರೆ ಯೋಚ್ನೆನೇ ಇಲ್ಲ, ಅಲ್ಲಿ..."

"ಅಲ್ಲಿ ಯಾರ್ಲಾ ಹೀಲರ್?" ಎಂದು ಓಬಣ್ಣ ತಡೆದ. "ಅವಳು ಒಲ್ಲೆ ಅಂತವ್ಳೆ. ನೀನಾಗ್ತೀಯಾ?"

"ನಾನಾ? ನಂಗೆ ತಾಳ್ಮೆ ಇಲ್ಲ ಮಾವ. ಮಿಕ್ಸಿ ಮುಚ್ಚಳ ಹಾಕೋ ಮುಂಚೆನೇ ಸ್ವಿಚ್ ಹಾಕ್ತೀನಿ ನಾನು."

"ಬನಶಂಕರಿ?"

"ಅಪ್ಪಾ, ನಿನ್ನೆ ಒಂದು ದಿನಕ್ಕೆ ಐವತ್ತು ಮಕ್ಕಳಿಗೆ ಸೂಜಿ ಹಾಕಿವ್ನಿ. ಇನ್ನೊಂದ್ಸಲ ಕೇಳು, ನಿಂಗೂ ಹಾಕ್ತೀನಿ."

ಓಬಣ್ಣ ಗಡ್ಡ ಕೆರೆದುಕೊಂಡ. "ನಾನೇ ಆಗ್ತಿದ್ದೆ. ನಂಗೆ ಕಣ್ಣು ಸರಿಯಾಗಿ ಕಾಣಾಕಿಲ್ಲ, ಅದೇ ಕಷ್ಟ."

"ಎತ್ತಿನ ಸುಳಿ ಕಾಣ್ತೈತಲ್ಲ ಮಾವ?" ಎಂದಳು ಉಮಾದೇವಿ.

ಬನಶಂಕರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಒಳಗಿಂದ ಶಿವಲಕ್ಷ್ಮಮ್ಮನ ದನಿ ಬಂತು. "ನನ್ನ ಹೆಸರು ಮಾತ್ರ ತೆಗೀಬ್ಯಾಡ್ರಿ. ನಲವತ್ತು ವರ್ಷದಿಂದ ಆ ಕೆಲ್ಸನೇ ಮಾಡ್ತಿರೋದು ನಾನು, ಆಟ ಇಲ್ದೇನೇ."

ಓಬಣ್ಣ ಹೆಗಲ ಟವಲು ತೆಗೆದು ತೊಡೆಯ ಮೇಲೆ ಹರಡಿಕೊಂಡ. ದಲ್ಲಾಳಿಯ ಟವಲು ತೊಡೆಗೆ ಬಂತು ಅಂದರೆ ವ್ಯಾಪಾರ ಕುದುರುತ್ತಿದೆ ಅಂತ ಅರ್ಥ. ಕೊನೆಗೆ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಕೇಳ್ರಿಲ್ಲಿ. ಸಂತೆನಾಗೆ ಒಂದು ಪದ್ಧತಿ ಐತೆ. ಕೈ ಹಾಕೋ ಮುಂಚೆ ದೋಷ ಬಾಯ್ಬಿಟ್ಟು ಹೇಳಿದ್ರೆ ಆಮ್ಯಾಕೆ ಯಾರೂ ತಕರಾರು ತೆಗಿಯಂಗಿಲ್ಲ. ಸಿಲ್ವರ್ ಹಾರ್ನ್‌ನಾಗೂ ನಮ್ಗೆ ಹೀಲರ್ ಇಲ್ಲ, ನಾಲ್ಕು ಜನನೂ ಒಲ್ಲೆ ಅಂದ್ವಿ. ಐರನ್ ವ್ಯಾಲಿನಾಗೂ ಇಲ್ಲ. ಇಲ್ಲ ಅಂತ ಮೊದ್ಲೇ ಹೇಳಿರೋದು ಇದೊಂದೇ. ದೋಷ ಕಂಡ ಮ್ಯಾಲೆ ಮೂರು ದಿನ ಹೂಡಿ ನೋಡೋದೂ ಬ್ಯಾಡ." ಅವನು ಉಮಾದೇವಿಯ ಕಡೆ ತಿರುಗಿದ. "ನೀನು ಇನ್ನೊಂದ್ಸಲ ಸರಿಯಾಗಿ ಹೇಳಮ್ಮ, ಜೂಲು ತೆಗ್ದು."

ಉಮಾದೇವಿ ಕೂತಲ್ಲೇ ನೆಟ್ಟಗಾದಳು. "ಎತ್ತಿಗೆ ಬೆನ್ನಿನ ಮ್ಯಾಲೆ ಎಡಕ್ಕೆ ಸುಳಿ ಐತೆ. ಗಾಯ ಆದ್ರೆ ಯಾರೂ ಬರಲ್ಲ. ನಾನೂ ಬರಲ್ಲ."

"ಆಯ್ತಾ? ಕೇಳಿಸ್ಕಂಡ್ರಾ ಎಲ್ರೂ?" ಓಬಣ್ಣ ಕೈ ಮುಂದೆ ಚಾಚಿದ. ಆನಂದ "ಸರೇ, ಏನು ಮಾಡಾದು" ಅಂತ ಗೊಣಗಿ ಕೈಯಿಟ್ಟ. ಬನಶಂಕರಿ ಇಟ್ಟಳು. ಉಮಾದೇವಿ ಕೊನೆಗೆ ಇಟ್ಟಳು.

ಮುದ್ದೆ, ಕಡ್ಲೆಕಾಯಿ ಚಟ್ನಿ ಮುಗಿಸಿ, ಓಬಣ್ಣನ ಫೋನಿನಿಂದ ಇನ್ನೂರು ಎತ್ತಿನ ಫೋಟೋ ಅಳಿಸಿ (ಒಂದೊಂದು ಅಳಿಸುವಾಗಲೂ ಅದರ ಹೆಸರು, ಊರು ಹೇಳುತ್ತಿದ್ದ, ಅದಕ್ಕೇ ಒಂದು ಗಂಟೆ ಹಿಡಿಯಿತು), ನಾಲ್ವರೂ ಅದೇ ಚಾಪೆಯ ಮೇಲೆ ಕೂತು ಹೊಸ ಆಟದ ಒಳಗೆ ಹೋದರು. ಮೊದಲ ದಾರಿಯಲ್ಲೇ ಕಣಿವೆಗೆ ಅಡ್ಡಲಾಗಿ ಒಂದು ಮರದ ಸೇತುವೆ. ಆ ಕಡೆಯಿಂದ ಮೂರು ಜನ ಕಳ್ಳರು ಬಂದರು. ಓಬಣ್ಣ ಆರು ವರ್ಷದ ಅಭ್ಯಾಸದಂತೆ ಹಿಂದುಮುಂದು ನೋಡದೆ ನುಗ್ಗಿದ, ಎರಡೇಟು ತಿಂದ, "ಉಮಾ!" ಅಂತ ಕೂಗಿದ.

ಕಿವಿಗೆ ಆ ಕೂಗು ಬಿದ್ದದ್ದೇ ತಡ, ಅವಳ ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ಪರದೆಯ ಕೆಳಮೂಲೆ ಒತ್ತಿತು. ಹಳೇ ಆಟದಲ್ಲಿ ಅಲ್ಲಿ ಮದ್ದು ಇತ್ತು. ಈ ಆಟದಲ್ಲಿ ಅದು ಒದೆಯುವ ಗುಂಡಿ. ಅಗಲ ಭುಜದ ಹೆಂಗಸು ಕಾಲೆತ್ತಿ ಒದ್ದಳು. ಓಬಣ್ಣ ಎತ್ತಿನ ಮೇಲಿಂದ ಹಾರಿ ಕಣಿವೆಗೆ ಬಿದ್ದ.

"ಯಾರ್ಲಾ ಅದು ಒದ್ದಿದ್ದು?"

"ನಾನೇ ಮಾವ! ಕೈ ತಪ್ಪಿತು! ಬಂದೆ, ಬಂದೆ..." ಅವಳು ಕೊಡಲಿ ಇಳಿಸಿ ಕೆಳಗೆ ಇಳಿಯುವ ದಾರಿ ಹುಡುಕತೊಡಗಿದಳು.

"ಬಂದ್ಯೋ, ಕಾಲು ಮುರೀತೀನಿ!" ಎಂದು ಅವಳ ಪಕ್ಕದಲ್ಲೇ ಕೂತಿದ್ದ ಓಬಣ್ಣ ಕಿರುಚಿದ. "ಮಾತು ಅಂದ್ರೆ ಮಾತು. ಬರಲ್ಲ ಅಂದ್ಮ್ಯಾಲೆ ಬರ್ಬ್ಯಾಡ. ಮುಂದ್ಕೆ ನೋಡು, ಕಳ್ಳ ಬಂದ!"

ಉಮಾದೇವಿ ಮುಂದಕ್ಕೆ ನೋಡಿದಳು. ಕಳ್ಳನಿಗೆ ಒಂದು ಕಿವಿ ಇರಲಿಲ್ಲ, ಮೂಗಿನ ಮೇಲೆ ಗಾಯದ ಗುರುತಿತ್ತು, ಹಲ್ಲಿಗೆ ಚಿನ್ನ ಕಟ್ಟಿಸಿದ್ದ. ಎಂಥಾ ಮುಖ! ಕೊಡಲಿ ಎತ್ತಿ ಬೀಸಿದಳು.

"ಪಟ್ಟಿ ಎಲ್ಲೈತೆ?" ಎಂದ ಓಬಣ್ಣ.

"ನಿನ್ನ ಚೀಲದಾಗೆ" ಎಂದಳು, ತಿರುಗದೆ. ಎರಡನೆಯ ಕಳ್ಳ ಬಂದಿದ್ದ.

"ಯಾವುದು, ಈ ಹಸಿರುದಾ? ಒತ್ತಿದೆ. ನನ್ನ ವೇಷದೋನು ತಿಂದ್ಬುಟ್ಟ."

ಆನಂದ ಬಗ್ಗಿ ಅವನ ಫೋನು ನೋಡಿದ. "ಮಾವ, ಅದು ಎತ್ತಿನ ಮೇವು."

"ಇರ್ಲಿ ಬಿಡ್ಲಾ" ಎಂದ ಓಬಣ್ಣ, "ಪ್ರಾಣದ ಗೆರೆ ಎರಡು ಕಾಳಷ್ಟು ಬೆಳೀತು."